ಸೋರುವ ಜಾಗ ಹುಡುಕುತ್ತಾ

ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಹೊರಿಸುವ ಪುಟ್ಟ ಮನೆಗೆ ಟ್ರಕ್ ಕ್ಯಾಂಪರ್ ಅಂತಾರೆ. ಒಲೆ, ಸಿಂಕು, ಫ್ರಿಜ್ಜು, ಡ್ರೈವರ್ ತಲೆಯ ಮೇಲಕ್ಕೆ ಚಾಚಿಕೊಂಡ ಹಾಸಿಗೆ, ಎಲ್ಲಾ ಇರುತ್ತದೆ. ಬೇಡ ಅನಿಸಿದಾಗ ನಾಲ್ಕು ಮೂಲೆಯ ಜಾಕ್ ಇಳಿಸಿ, ಮನೆಯನ್ನು ಕಾಲ ಮೇಲೆ ನಿಲ್ಲಿಸಿ, ಅಡಿಯಿಂದ ಟ್ರಕ್ ಓಡಿಸಿಕೊಂಡು ಆಫೀಸಿಗೆ ಹೋಗಬಹುದು. ಸಿಯಾಟಲ್ ಕಡೆ ನೆಲೆಸಿದ ನಾವು ಇಂಥದ್ದೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆವು. ನೂರು ಕಿಲೋಮೀಟರ್ ವೇಗದಲ್ಲಿ ಗುಂಡಿ ಹಾರುವ ಮನೆಯಲ್ಲಿ ಯಾವ ಸ್ಕ್ರೂ ತಾನೇ ಜಾಗದಲ್ಲಿ ಇರುತ್ತದೆ ಹೇಳಿ? ಸುತ್ತಾಡಿ ಬಂದು ನೆಲ ಗುಡಿಸಿದರೆ ಕಸದ ಜೊತೆ ಒಂದೆರಡು ಸ್ಕ್ರೂ ಸಿಕ್ಕೇ ಸಿಗುತ್ತವೆ. ಎಲ್ಲಿಂದ ಉದುರಿದವೋ ದೇವರೇ ಬಲ್ಲ. ಹಾರ್ಲಿಕ್ಸ್ ಬಾಟಲಿಗೆ ಹಾಕಿಡುತ್ತೇನೆ. ಬಾಟಲಿ ತುಂಬುತ್ತಿದೆ.

ತೂಕದ ತಕರಾರು ಬೇರೆ. ಡ್ರೈವರ್ ಬಾಗಿಲ ಪಕ್ಕ ಒಂದು ಚೀಟಿ ಅಂಟಿಸಿರುತ್ತಾರೆ, ಜನ, ಸಾಮಾನು ಎಲ್ಲಾ ಸೇರಿ ಇಷ್ಟೇ ಹೊರಬಹುದು ಅಂತ. ಒಂದು ಗ್ಯಾಲನ್ ನೀರೇ ಹೆಚ್ಚುಕಡಿಮೆ 3.8 ಕೆಜಿ. ಪೆನ್ನು ಹಿಡಿದು ಕೂಡಿಸುತ್ತಾ ಹೆಂಡತಿಯನ್ನು ‘ನಿನ್ನ ತೂಕ ಎಷ್ಟು ಬರ್ಕೊಳ್ಳಲಿ?’ ಅಂತ ಕೇಳಿದೆ. ‘ಬೇಕಾದ್ರೆ ಕುಕ್ಕರ್ ಇಳಿಸ್ತೀನಿ ರೀ, ಆ ಪ್ರಶ್ನೆ ಕೆಳಗಿಡಿ’ ಅಂದಳು.

ಊರಿಂದ ಅಪ್ಪಯ್ಯ ಬಂದ ಮೇಲೆ ರಿಪೇರಿಗೆ ಕಳೆ ಬಂತು. ತೀರ್ಥಹಳ್ಳಿ ಕಡೆಯವರು. ಮೊದಲು ಅವರ ಕಣ್ಣಿಗೆ ಬಿದ್ದದ್ದು ಫ್ರಿಜ್ಜು. ಅದು ಗ್ಯಾಸಿನಲ್ಲಿ ನಡೆಯುವಂಥದ್ದು. ಹಿಂದೆ ಸಣ್ಣ ಬೆಂಕಿ ಉರಿಯುತ್ತದೆ, ಆ ಶಾಖಕ್ಕೆ ಕೊಳವೆಯೊಳಗಿನ ಅಮೋನಿಯಾ ನೀರನ್ನು ಬಿಟ್ಟು ಮೇಲೆದ್ದು, ಸುತ್ತು ಹೊಡೆದು, ಒಳಗಿನ ಶಾಖ ಹೀರಿಕೊಂಡು ಬರುತ್ತದೆ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು ಹೂಡಿದ ಉಪಾಯ ಇದು, ಅಂತ ವಿವರಿಸಿದೆ. ‘ಬೆಂಕಿ ಹಾಕಿ ತಣ್ಣಗೆ ಮಾಡೋದಾ? ಓದಿದ್ದು ಜಾಸ್ತಿ ಆಯ್ತು ಮಾರಾಯ’ ಅಂದರು. ಆ ವಾರ ಫ್ರಿಜ್ಜು ಅವರ ಪರವಾಗಿಯೇ ಸಾಕ್ಷಿ ಹೇಳಿತು. ಒಳಗಿಟ್ಟ ಇಡ್ಲಿ ಹಿಟ್ಟು ಉಬ್ಬಿ, ಪಾತ್ರೆ ದಾಟಿ, ಕೆಳಗಿನ ಸೌತೆಕಾಯಿಗೆ ಅಭಿಷೇಕ ಮಾಡಿತ್ತು. ಹಿಂದಿನ ಮುಚ್ಚಳ ತೆಗೆದರೆ ನೀಲಿಯಾಗಿ ಉರಿಯಬೇಕಾದ ಜ್ವಾಲೆ ಹಳದಿಯಾಗಿ ತೂಗಾಡುತ್ತಿತ್ತು. ಗ್ಯಾಸ್ ಬಂದ್ ಮಾಡಿ ಬರ್ನರ್ ಬಿಚ್ಚಿದರೆ ಒಳಗೆ ಜೇಡರ ಬಲೆ. ಈ ಬರ್ನರ್ ಕೊಳವೆಗಳಲ್ಲಿ ಜೇಡ ಮನೆ ಮಾಡೋದು ಕ್ಯಾಂಪರ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಾಟ. ಬ್ರಷ್ ಹಾಕಿ ಗುಡಿಸಿದೆ, ಫ್ರಿಜ್ಜು ತಣ್ಣಗಾಯಿತು. ಅವತ್ತಿನ ಇಡ್ಲಿಯಂಥ ಇಡ್ಲಿ ಮಾತ್ರ ಮತ್ತೆ ಆಗಲಿಲ್ಲ.

ಆದರೆ ಕ್ಯಾಂಪರಿನ ನಿಜವಾದ ವೈರಿ ಮಳೆ. ಹಾಸಿಗೆಯ ಎಡ ಮೂಲೆ ಒದ್ದೆಯಾಗುತ್ತಿತ್ತು. ನಾವು ಹೋಗುತ್ತಿದ್ದದ್ದು ಒಲಿಂಪಿಕ್ ನ್ಯಾಷನಲ್ ಪಾರ್ಕಿನ ಹೋ ಮಳೆಕಾಡಿಗೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಅಂತ ಹೆಮ್ಮೆಯಿಂದ ಹೇಳಿದೆ. ಆಗುಂಬೆಯಲ್ಲಿ ಇದರ ದುಪ್ಪಟ್ಟು ಸುರಿಯೋದನ್ನ ನೋಡಿದ ಅಪ್ಪಯ್ಯ ‘ಹನಿ ಹಾಕ್ತದೆ ಅನ್ನು’ ಅಂದರು. ಅರ್ಧ ರಾತ್ರಿಯಲ್ಲಿ ಹಣೆಗೆ ತೊಟ್ಟಿಕ್ಕಿದಾಗ ಎದ್ದು ಕೂತು, ‘ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸ್ಲಿಲ್ವೇನೋ?’ ಅಂದರು.

ಹೆಂಚಾದರೆ ಸರಿಸಬಹುದಿತ್ತು. ಇದರ ಮೇಲಿರುವುದು ರಬ್ಬರ್ ಹಾಳೆ, ಅಂಚಿಗೆಲ್ಲ ಅಲ್ಯೂಮಿನಿಯಂ ಪಟ್ಟಿ. ಹಿಂದಿನ ಮಾಲೀಕರು ಎಲ್ಲಿ ಅನುಮಾನ ಬಂತೋ ಅಲ್ಲೆಲ್ಲ ಸಂದು ಮುಚ್ಚುವ ಸಿಲಿಕೋನ್ ಅಂಟು ಮೆತ್ತಿದ್ದರು. ಸಿಲಿಕೋನಿನ ಗುಣ ಏನಪ್ಪಾ ಅಂದರೆ, ಅದು ಹತ್ತಿದ ಜಾಗಕ್ಕೆ ಆಮೇಲೆ ಬೇರೇನೂ ಹತ್ತುವುದಿಲ್ಲ, ಹೊಸ ಸಿಲಿಕೋನ್ ಕೂಡ. ಮಂಡಿಯೂರಿ ಕೂತು ಪ್ಲಾಸ್ಟಿಕ್ ಸ್ಕ್ರೇಪರಿನಲ್ಲಿ ಕೆರೆದಿದ್ದೇ ಕೆರೆದಿದ್ದು. ಇಷ್ಟಾದರೂ ನೀರು ನುಗ್ಗುವ ಜಾಗ ಗೊತ್ತಾಗಲಿಲ್ಲ. ಒಂದು ಕಡೆ ಒಳಗೆ ಬಂದ ನೀರು ಕಟ್ಟಿಗೆಯ ಚೌಕಟ್ಟು ಹಿಡಿದು ನಡೆದು, ಇನ್ನೆಲ್ಲೋ ಇಳಿಯುತ್ತದೆ.

ಇದಕ್ಕೊಂದು ಉಪಾಯ ಇದೆ. ಚಾವಣಿಯ ಗಾಳಿಕಿಂಡಿಗೆ ರಟ್ಟು ಕಟ್ಟಿ, ಎಲೆ ಹಾರಿಸುವ ಬ್ಲೋವರಿನ ಮೂತಿ ತೂರಿಸಿ, ಕಿಟಕಿ ಬಾಗಿಲು ಭದ್ರಪಡಿಸಿ ಗಾಳಿ ತುಂಬಬೇಕು. ಹೊರಗಿನಿಂದ ಸಂದುಗಳಿಗೆ ಸೋಪಿನ ನೀರು ಬಳಿಯಬೇಕು. ಅಪ್ಪಯ್ಯನಿಗೆ ತಕ್ಷಣ ಅರ್ಥವಾಯಿತು: ‘ಸೈಕಲ್ ಶಾಪಿನವ ಟ್ಯೂಬನ್ನ ಬೋಗುಣಿಲಿ ಅದ್ದಿ ಪಂಕ್ಚರ್ ಹುಡುಕ್ತಾನಲ್ಲ, ಹಾಗೆ.’ ಬ್ಲೋವರ್ ಗುಂಯ್‌ಗುಡತೊಡಗಿದಾಗ ಪಕ್ಕದ ಮನೆಯವರು ಪರದೆ ಸರಿಸಿ ನೋಡಿದರು. ಪಂಚೆಯುಟ್ಟ ಹಿರಿಯರೊಬ್ಬರು ಮಂಕಿಕ್ಯಾಪ್ ಹಾಕಿಕೊಂಡು ಲಾರಿಗೆ ಸ್ನಾನ ಮಾಡಿಸುತ್ತಿರುವುದನ್ನು ನೋಡಿ ಪರದೆ ಮುಚ್ಚಿದರು.

ಗುಳ್ಳೆ ಬಂದದ್ದು ನಾವು ಯಾರೂ ಯೋಚಿಸದ ಕಡೆ. ಅಗಲದ ಗಾಡಿ ಅಂತ ಗೊತ್ತಾಗಲು ಹಣೆಯ ಮೇಲೆ ಸಾಲಾಗಿ ಐದು ಕಿತ್ತಳೆ ದೀಪ ಇರುತ್ತವಲ್ಲ, ಅದರಲ್ಲಿ ನಡುವಿನದು. ‘ಮಾವ, ಇಲ್ಲಿ!’ ಅಂತ ಹೆಂಡತಿ ಕೂಗಿದಳು. ದೀಪದ ಅಂಚಿನಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಉಬ್ಬಿ ಒಡೆಯುತ್ತಿದ್ದವು. ಬಿಚ್ಚಿದರೆ ಒಂದು ಸ್ಕ್ರೂ ಸುಮ್ನೆ ತಿರುಗಿತು, ಹಿಂದಿನ ಕಟ್ಟಿಗೆ ಮೆತ್ತಗಾಗಿತ್ತು. ಒಣಗಿಸಿ, ಅಂಟಿನಲ್ಲಿ ಅದ್ದಿದ ಬೆಂಕಿಕಡ್ಡಿ ತುರುಕಿ, ಬ್ಯುಟೈಲ್ ಟೇಪ್ ಅನ್ನುವ, ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ ಇಟ್ಟು ಬಿಗಿದೆ. ಬಿಗಿದಂತೆ ಟೇಪು ಸುತ್ತಲೂ ಹಿಂಡಿಕೊಂಡು ಹೊರಬಂತು. ಕೈಗೆ ಹತ್ತಿದ್ದನ್ನು ಬಿಡಿಸಲು ಕೊಬ್ಬರಿ ಎಣ್ಣೆಯೇ ಬೇಕಾಯಿತು.

ಮುಂದಿನ ಮಳೆಗೆ ಹಾಸಿಗೆ ಒಣಗಿಯೇ ಇತ್ತು. ಆದರೆ ಆ ದೀಪ ಹತ್ತಲಿಲ್ಲ. ಇಷ್ಟು ವರ್ಷ ನೀರು ಕುಡಿದ ವೈರು ಗೋಡೆಯೊಳಗೆಲ್ಲೋ ತುಕ್ಕು ಹಿಡಿದು ಕಡಿದಿತ್ತು. ‘ಅದಕ್ಕೇನು, ಪಕ್ಕದಲ್ಲಿ ಇನ್ನೊಂದು ತೂತು ಕೊರೆದು ಹೊಸ ವೈರ್ ಎಳೆದ್ರಾಯ್ತು’ ಅಂದರು ಅಪ್ಪಯ್ಯ. ಹೆಂಡತಿ ಏನೂ ಮಾತಾಡದೆ ಡ್ರಿಲ್ ಮಷಿನ್ ಎತ್ತಿಕೊಂಡು ಮನೆಯೊಳಗೆ ಹೋದಳು.