ಗುಂಡಿ ಒಂದು, ಬೀಗದ ಕೈ ಮೂರು

ದಾನ ಮಾಡುವ ಮನಸ್ಸು ನನಗೆ ಬರುವುದು ವರ್ಷಕ್ಕೊಮ್ಮೆ. ಅದೂ ಅಟ್ಟದಲ್ಲಿ ಜಾಗ ಸಾಲದಾದಾಗ.

ಹಬ್ಬದ ರಜೆ ಹತ್ತಿರವಾಗುತ್ತಿದ್ದಂತೆ ನಮ್ಮ ಬಡಾವಣೆಯ ಸಭಾಭವನದ ಮೆಟ್ಟಿಲ ಪಕ್ಕದಲ್ಲಿ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಬಂದು ಕೂರುತ್ತದೆ. ಹತ್ತಿರದ ಶಾಲೆಯಲ್ಲಿ ಓದುವ, ಮನೆಯಲ್ಲಿ ಕಷ್ಟವಿರುವ ಮಕ್ಕಳಿಗೂ ಅವರ ಮನೆಯವರಿಗೂ ಹಬ್ಬದ ಕೊಡುಗೆ ಎಂದು ಅದರ ಮೇಲೆ ಬರೆದಿರುತ್ತದೆ. ಮೊದಲ ವರ್ಷ ಅದನ್ನು ಓದಿದ ಕೂಡಲೇ ನನ್ನ ಕರುಳು ಕರಗಿತು. ಕರಗಿದ ಕರುಳಿನೊಂದಿಗೆ ಏಣಿ ಹಾಕಿ ಅಟ್ಟ ಹತ್ತಿದೆ. ಮೂರೇ ತಂತಿ ಉಳಿದಿದ್ದ ಬ್ಯಾಡ್ಮಿಂಟನ್ ಬ್ಯಾಟು, ಎರಡನೆಯ ಸಂಪುಟ ಕಾಣೆಯಾಗಿದ್ದ ವಿಶ್ವಕೋಶ, ನಿಮಿಷದ ಮುಳ್ಳಿಲ್ಲದ ಅಲಾರಂ ಗಡಿಯಾರ, ಇವೆಲ್ಲಕ್ಕೂ ಕಳಶವಿಟ್ಟಂತೆ ನನ್ನ ಮದುವೆಯ ಕೋಟು. ಎಲ್ಲವನ್ನೂ ಚೀಲಕ್ಕೆ ತುಂಬಿ, ಯಾರಾದರೂ ಫೋಟೋ ತೆಗೆದರೆ ಇರಲಿ ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟೆ.

ಪೆಟ್ಟಿಗೆಯ ಹಿಂದೆ ಮೇಜು, ಮೇಜಿನ ಹಿಂದೆ ಟೀಚರಮ್ಮ. ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಹಾಜರಿ ಪುಸ್ತಕದ ಅಭ್ಯಾಸ ಬಿಡಲಾರದೆ ಈ ಕೊಡುಗೆಗಳಿಗೂ ಒಂದು ರಿಜಿಸ್ಟರ್ ಇಟ್ಟಿದ್ದಾರೆ. ಫೋಟೋ ತೆಗೆಯುವಂತಿಲ್ಲ ಎಂಬ ಫಲಕ ಅವರ ತಲೆಯ ಮೇಲೆಯೇ ತೂಗುತ್ತಿತ್ತು. ಅಂಗಿಯ ಇಸ್ತ್ರಿ ಅಲ್ಲಿಗೇ ವ್ಯರ್ಥವಾಯಿತು. ನಾನು ಚೀಲವನ್ನು ಪೆಟ್ಟಿಗೆಯೊಳಗೆ ಬೋರಲು ಹಾಕಿ ಜಾಗ ಖಾಲಿ ಮಾಡುವವನಿದ್ದೆ. ಟೀಚರಮ್ಮ ಬಿಡಲಿಲ್ಲ. ಹಿಂದೆ ಹತ್ತು ಜನ ಸಾಲಿನಲ್ಲಿ ನಿಂತಿರುವಾಗಲೇ ಒಂದೊಂದನ್ನೂ ಹೊರತೆಗೆದು ಮೇಜಿನ ಮೇಲೆ ಇಟ್ಟರು.

"ಏನಪ್ಪಾ, ಈ ಬ್ಯಾಟು ಯಾವ ತರಗತಿಯ ಮಗುವಿಗೆ?"

"ಯಾರಿಗಾದರೂ ಆಗುತ್ತದೆ ಟೀಚರಮ್ಮ."

"ನಿನ್ನ ಮಗನಿಗೆ ಆಗುತ್ತದೆಯೇ?"

ನನ್ನ ಮಗ ಅದನ್ನು ಮುರಿದಿದ್ದರಿಂದಲೇ ಅದು ಅಟ್ಟ ಸೇರಿದ್ದು ಎಂದು ಹೇಳುವಷ್ಟು ದಡ್ಡ ನಾನಲ್ಲ. ಸುಮ್ಮನಿದ್ದೆ. ಅವರು ಕೋಟನ್ನು ಎತ್ತಿ ಹಿಡಿದರು. "ಇದು ಚೆನ್ನಾಗಿದೆಯಲ್ಲ, ನೀನೇ ಒಮ್ಮೆ ಹಾಕಿಕೋ, ನೋಡೋಣ" ಎಂದರು. ಹೊಗಳಿಕೆಗೆ ಮರುಳಾಗಿ ಹಾಕಿಕೊಂಡೆ. ಉಸಿರು ಬಿಗಿಹಿಡಿದು ಗುಂಡಿಯನ್ನೂ ಹಾಕಿದೆ. ಆದರೆ ಹಿಡಿದ ಉಸಿರನ್ನು ಎಂದಾದರೂ ಬಿಡಲೇಬೇಕಲ್ಲ. ಬಿಟ್ಟೆ. ಗುಂಡಿ ಟಪ್ಪೆಂದು ಹಾರಿ, ಮೇಜಿಗೆ ಬಡಿದು, ನೇರವಾಗಿ ಪೆಟ್ಟಿಗೆಯೊಳಗೆ ಬಿತ್ತು. ಟೀಚರಮ್ಮ ಬಗ್ಗಿ ಅದನ್ನು ಹುಡುಕಿ ತೆಗೆದು, ಎರಡೂ ಕಡೆ ತಿರುಗಿಸಿ ನೋಡಿ, ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಬರೆದರು: "ಗುಂಡಿ – ಒಂದು." ಉಳಿದ ಸಾಮಾನು 'ಹಿಂದಿರುಗಿಸಿದ್ದು' ಎಂಬ ಅಂಕಣಕ್ಕೆ ಹೋಯಿತು. ನಾನು ಚೀಲ ಹೊತ್ತು ಮನೆಗೆ ಬಂದೆ. ಅಟ್ಟಕ್ಕೆ ಅವುಗಳನ್ನು ಮತ್ತೆ ಏರಿಸುವುದು ಇಳಿಸಿದ್ದಕ್ಕಿಂತ ಕಷ್ಟದ ಕೆಲಸ.

ಎರಡನೆಯ ವರ್ಷ ಪೆಟ್ಟಿಗೆ ಹೋಗಿ ಹಗ್ಗ ಬಂತು. ಸಭಾಭವನದ ಈ ಕಿಟಕಿಯಿಂದ ಆ ಕಿಟಕಿಗೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಚೀಟಿಗಳನ್ನು ಸಿಕ್ಕಿಸಿದ್ದರು. ಯಾವ ಮನೆಯಲ್ಲಿ ಏನು ಬೇಕು ಎಂಬುದು ತರಗತಿಯ ಶಿಕ್ಷಕರಿಗೆ ಗೊತ್ತಿರುತ್ತದೆ. ಅವರು ಮನೆಯವರನ್ನು ಕೇಳಿ ವಯಸ್ಸು, ವಸ್ತು, ಅಳತೆ ಇಷ್ಟನ್ನೇ ಬರೆದು ಕಳುಹಿಸುತ್ತಾರೆ. ಹೆಸರು ಇರುವುದಿಲ್ಲ. ಕೊಡುವವನಿಗೆ ಪಡೆಯುವವರು ಗೊತ್ತಿಲ್ಲ, ಪಡೆಯುವವರಿಗೆ ಕೊಟ್ಟವನು ಗೊತ್ತಿಲ್ಲ. ಕೋಟಿನ ಅವಮಾನ ಮರೆಸಲು ಇದೇ ಸಮಯವೆಂದು ನಾನು ಟೀಚರಮ್ಮನ ಮುಂದೆ ಪಾಂಡಿತ್ಯ ಪ್ರದರ್ಶಿಸಿದೆ: "12ನೇ ಶತಮಾನದಲ್ಲಿ ಮೈಮೊನಿಡೀಸ್ ಎಂಬ ಯಹೂದಿ ಪಂಡಿತ ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿದ್ದಾನೆ. ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ಕೊಡುವುದು ಮೇಲಿನಿಂದ ಎರಡನೆಯದು."

"ಎಲ್ಲಕ್ಕಿಂತ ಕೆಳಗಿನದು ಯಾವುದಪ್ಪಾ?"

"ಮನಸ್ಸಿಲ್ಲದೆ ಕೊಡುವುದು."

"ಅಟ್ಟದಿಂದ ಇಳಿಸಿ ಕೊಡುವುದನ್ನು ಅವನು ಹೇಳಲೇ ಇಲ್ಲವೇ?"

ಹಗ್ಗದ ಬಳಿ ಒಂದು ವಿಷಯ ಗಮನಿಸಿದೆ. ಐದಾರು ವರ್ಷದ ಮಕ್ಕಳ ಚೀಟಿಗಳಿಗೆ ನೂಕುನುಗ್ಗಲು. ಗೊಂಬೆ, ಬಣ್ಣದ ಪೆನ್ಸಿಲ್ಲು ಎಂದರೆ ಎಲ್ಲರಿಗೂ ಮುದ್ದು. '16 ವರ್ಷ, ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್' ಎಂಬ ಚೀಟಿ ಮಾತ್ರ ಗಾಳಿಗೆ ತಿರುಗುತ್ತಾ ಕೊನೆಯವರೆಗೂ ಅಲ್ಲೇ ಇತ್ತು. ಮೀಸೆ ಚಿಗುರಿದ ಹುಡುಗನ ಬಗ್ಗೆ ಯಾರ ಕರುಳೂ ಅಷ್ಟು ಸುಲಭವಾಗಿ ಕರಗುವುದಿಲ್ಲ. ನನ್ನದೂ ಕರಗಲಿಲ್ಲ, ಸುಳ್ಳೇಕೆ ಹೇಳಲಿ. ನಾನೂ ನೂಕಾಡಿ ಸಣ್ಣ ಮಗುವಿನ ಚೀಟಿಯನ್ನೇ ಕಿತ್ತುಕೊಂಡೆ: '8 ವರ್ಷ. ಶಾಲೆಗೆ ಕಪ್ಪು ಶೂ. ನಂಬರು 1.'

ಒಂದನೇ ನಂಬರು! ಇದಕ್ಕಿಂತ ಸುಲಭದ ಲೆಕ್ಕ ಇನ್ನೇನಿದೆ? ಅಂಗಡಿಗೆ ಹೋಗಿ, "ಮಕ್ಕಳ ಕಪ್ಪು ಶೂ, ಒಂದನೇ ನಂಬರು" ಎಂದೆ. ಹುಡುಗ ಪೆಟ್ಟಿಗೆ ತಂದ. ಬೇರೇನೂ ನೋಡದೆ ಬಣ್ಣದ ಕಾಗದ ಸುತ್ತಿಸಿ, ರಿಬ್ಬನ್ ಕಟ್ಟಿಸಿದೆ. ಪೆಟ್ಟಿಗೆ ತುಸು ಚಿಕ್ಕದು ಎನಿಸಿತು, ನಿಜ. ಆದರೆ ಪೌಷ್ಟಿಕಾಂಶದ ಕೊರತೆಯಿಂದ ಮಗು ಬೆಳೆದಿಲ್ಲವೇನೋ ಎಂದು ನನ್ನಷ್ಟಕ್ಕೆ ಕಲ್ಪಿಸಿಕೊಂಡು ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡೆ. ಬಸ್ಸಿನಲ್ಲಿ ಪೆಟ್ಟಿಗೆ ಒತ್ತಿದಾಗಲೆಲ್ಲ ಎಲ್ಲಿಂದಲೋ 'ಕೀಂ' ಎಂಬ ಸದ್ದು ಬರುತ್ತಿತ್ತು. ಬಸ್ಸಿನದೇ ಎಂದುಕೊಂಡೆ.

ಟೀಚರಮ್ಮ ಪೊಟ್ಟಣ ನೋಡಿದವರೇ, "ಕಾಗದ ಬಿಚ್ಚು" ಎಂದರು. ಕಟ್ಟಿದ ಪೊಟ್ಟಣ ಅವರು ತೆಗೆದುಕೊಳ್ಳುವುದಿಲ್ಲ. ಒಳಗೇನಿದೆ ಎಂಬುದು ಮೊದಲು ತಾಯಿತಂದೆಗೆ ಗೊತ್ತಾಗಬೇಕು, ಕಾಗದವನ್ನು ಅವರೇ ಸುತ್ತಬೇಕು, ಮಗುವಿನ ಕೈಗೆ ಅವರೇ ಕೊಡಬೇಕು. ಯಾರೋ ಪುಣ್ಯಾತ್ಮರು ಕೊಟ್ಟರು ಎಂಬ ಮಾತು ಆ ಮನೆಯಲ್ಲಿ ಏಳಬಾರದು. ಈ ಏರ್ಪಾಡಿನಲ್ಲಿ ನನಗೆ ತುಂಬ ಹಿಡಿಸಿದ್ದು ಇದೊಂದೇ. ಆದರೆ ಹಿಡಿಸಿದ್ದು ಆಮೇಲೆ. ಆ ಕ್ಷಣದಲ್ಲಿ ರಿಬ್ಬನ್ನಿನ ಗಂಟು ಬಿಚ್ಚಲಾರದೆ ಹಲ್ಲಿನಿಂದ ಕಚ್ಚುತ್ತಿದ್ದೆ.

ಮುಚ್ಚಳ ತೆಗೆದಾಗ ಒಳಗಿದ್ದವು ನನ್ನ ಹೆಬ್ಬೆರಳಿಗಿಂತ ತುಸು ಉದ್ದದ ಎರಡು ಶೂಗಳು. ಟೀಚರಮ್ಮ ಒಂದನ್ನು ಒತ್ತಿದರು. 'ಕೀಂ.' ಇನ್ನೊಂದನ್ನು ಒತ್ತಿದರು. 'ಕೀಂ.' ಸಾಲಿನಲ್ಲಿದ್ದವರು ನಕ್ಕರು. ನನ್ನ ಹೆಂಡತಿಯ ನಗು ಉಳಿದವರಿಗಿಂತ ತುಸು ಜೋರಾಗಿಯೇ ಕೇಳಿಸಿತು.

ತಪ್ಪು ನನ್ನದಲ್ಲ, ಬ್ರಿಟಿಷ್ ಅಳತೆಯದು. ಆ ಪದ್ಧತಿಯಲ್ಲಿ ಶೂವಿನ ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಒಂದು ಬಾರ್ಲಿ ಕಾಳಿನ ಉದ್ದ, ಅಂದರೆ ಅಂಗುಲದ ಮೂರರಲ್ಲೊಂದು ಭಾಗ. ಕಾಲನ್ನು ಕಾಳಿನಿಂದ ಅಳೆದವರ ಜಾಣತನ ಅಲ್ಲಿಗೇ ನಿಲ್ಲುವುದಿಲ್ಲ. ಮಕ್ಕಳ ನಂಬರು ಹದಿಮೂರರವರೆಗೆ ಏರಿ, ಆಮೇಲೆ ಹದಿನಾಲ್ಕು ಬರುವ ಬದಲು ಮತ್ತೆ ಒಂದರಿಂದ ಶುರುವಾಗುತ್ತದೆ. ಹಾಗಾಗಿ ಒಂದನೇ ನಂಬರು ಎರಡಿವೆ. ಕೂಸಿನದು ಶೂ ತಯಾರಿಸುವ ಅಚ್ಚಿನ ಲೆಕ್ಕದಲ್ಲಿ ನಾಲ್ಕು ಅಂಗುಲಕ್ಕೆ ಸ್ವಲ್ಪ ಹೆಚ್ಚು, ದೊಡ್ಡ ಮಗುವಿನದು ಅದರ ಸರಿಯಾಗಿ ಎರಡರಷ್ಟು. ನಾನು ಇಷ್ಟನ್ನೂ ಆ ರಾತ್ರಿಯೇ ಓದಿಕೊಂಡು ಬಂದು ಮರುದಿನ ವಿವರಿಸಿದೆ. "ಎಂಟು ವರ್ಷ ಎಂದು ಚೀಟಿಯಲ್ಲೇ ಬರೆದಿತ್ತಲ್ಲಪ್ಪಾ" ಎಂದರು ಟೀಚರಮ್ಮ. ಈ ಒಂದು ಮಾತಿನ ಮುಂದೆ ಬಾರ್ಲಿ ಕಾಳು ನಿಲ್ಲಲಿಲ್ಲ. ಸರಿಯಾದ ಶೂ ತಂದುಕೊಟ್ಟೆ. ಕೀಂ ಶೂ ಯಾವುದೋ ತಮ್ಮನಿಗೋ ತಂಗಿಗೋ ಹೋಯಿತಂತೆ. ಆ ಮನೆಯವರ ನಿದ್ದೆಯ ಪಾಪ ನನ್ನ ತಲೆಯ ಮೇಲಿದೆ.

ನಡುವೆ ಒಂದು ಸಭೆಯೂ ಆಯಿತು. ವಸ್ತುಗಳ ಗೋಜೇ ಬೇಡ, ದುಡ್ಡು ಕೊಟ್ಟುಬಿಡೋಣ ಎಂದು ಎದುರುಮನೆಯವರು ವಾದಿಸಿದರು. 1993ರಲ್ಲಿ ಜೋಯಲ್ ವಾಲ್ಡ್‌ಫೋಗೆಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಹಬ್ಬದ ಉಡುಗೊರೆಗಳ ಬಗ್ಗೆ ವಿದ್ಯಾರ್ಥಿಗಳನ್ನೇ ಕೇಳಿ ಲೆಕ್ಕ ಹಾಕಿದ್ದನ್ನು ಅವರು ಓದಿದ್ದರು. ಕೊಟ್ಟವರು ತೆತ್ತ ಬೆಲೆಯಲ್ಲಿ ಹತ್ತರಲ್ಲೊಂದು ಭಾಗದಿಂದ ಮೂರರಲ್ಲೊಂದು ಭಾಗದವರೆಗೆ ಪಡೆದವರ ಮಟ್ಟಿಗೆ ಸೋರಿಹೋಗುತ್ತದಂತೆ. ಮಾತು ಮುಗಿಸುವಾಗ ಅವರು ನನ್ನ ಕಡೆ ಯಾಕೆ ನೋಡಿದರೋ ತಿಳಿಯದು. ಕೋಟಿನ ಲೆಕ್ಕದಲ್ಲಿ ಗುಂಡಿ ಬಿಟ್ಟು ಉಳಿದದ್ದೆಲ್ಲ ಸೋರಿಕೆಯೇ ಎಂದು ನಾನೇ ಒಪ್ಪಿಕೊಂಡೆ. ಕೊನೆಗೆ ಪರೀಕ್ಷೆಯ ಶುಲ್ಕಕ್ಕೂ ಬಸ್ ಪಾಸಿಗೂ ದುಡ್ಡು, ಉಳಿದದ್ದಕ್ಕೆ ಚೀಟಿ ಎಂದು ತೀರ್ಮಾನವಾಯಿತು. ಚಹಾ ಬರುವುದು ತಡವಾಗಿದ್ದರೆ ಇನ್ನೂ ನಾಲ್ಕು ಮಾತು ನಡೆಯುತ್ತಿದ್ದವು.

ಈ ವರ್ಷ ನಾನು ಹುಷಾರಾದೆ. ಸಂಖ್ಯೆಯೇ ಇಲ್ಲದ ಚೀಟಿ ಹುಡುಕಿದೆ. ಸಿಕ್ಕಿದ್ದು: 'ಮನೆಗೆ – ಬೀಗ ಒಂದು. ಬೀಗದ ಕೈ ಮೂರು.' ಸಂಖ್ಯೆ ಇತ್ತು, ಆದರೆ ಮೂರರಲ್ಲಿ ಎರಡು ಬಗೆ ಇರಲಾರದು ಎಂದು ಧೈರ್ಯ ಮಾಡಿದೆ. ಹೊಸ ಬೀಗದ ಜೊತೆ ಬಂದದ್ದು ಎರಡೇ ಕೈ. ಮೂರನೆಯದೇಕೆ ಎಂದು ಗೊಣಗುತ್ತಲೇ ಬೀಗ ರಿಪೇರಿಯವನ ಮುಂದೆ ಕೂತೆ. ಅವನು ಅರ ಹಿಡಿದು ಉಜ್ಜುತ್ತಾ, "ಮೂರು ಜನ ಮೂರು ಹೊತ್ತಿಗೆ ಮನೆಗೆ ಬರುತ್ತಾರೇನೋ ಸ್ವಾಮಿ" ಎಂದ. ಗೊಣಗಾಟ ನಿಲ್ಲಿಸಿದೆ. ತಾಯಿ ಕೆಲಸದಿಂದ, ದೊಡ್ಡದು ಕಾಲೇಜಿನಿಂದ, ಚಿಕ್ಕದು ಶಾಲೆಯಿಂದ. ಕೈ ಇಲ್ಲದ ಯಾರೋ ಒಬ್ಬರು ಇಷ್ಟು ದಿನ ಹೊಸ್ತಿಲ ಮೇಲೆ ಕೂತು ಕಾದಿರಬೇಕು.

ಹೊಸದಾಗಿ ಕಡೆಸಿದ ಕೈ ಸರಿಯಾಗಿ ತಿರುಗುತ್ತದೆಯೇ ಎಂದು ನೋಡದೆ ಕೊಡಬಾರದಲ್ಲ. ಶೂವಿನ ಪಾಠ ನೆನಪಿತ್ತು. ನಮ್ಮ ಗೇಟಿನ ಹಳೆಯ ಬೀಗ ತೆಗೆದು, ಹೊಸದನ್ನು ಹಾಕಿ, ಮೂರೂ ಕೈಗಳಿಂದ ತೆಗೆದು ನೋಡಿದೆ. ಬೆಣ್ಣೆಯಂತೆ ತಿರುಗಿದವು. ಹೆಮ್ಮೆಯಿಂದ ಎಲ್ಲವನ್ನೂ ಲಕೋಟೆಗೆ ಹಾಕಿ, ಕಾಗದ ಸುತ್ತದೆ, ಟೀಚರಮ್ಮನ ಮೇಜಿನ ಮೇಲೆ ಇಟ್ಟೆ.

ಅವರು ಒಂದು ಕೈ ಹಾಕಿ ತಿರುಗಿಸಿದರು. ತಿರುಗಲಿಲ್ಲ. ಎರಡನೆಯದು, ಮೂರನೆಯದು, ಊಹೂಂ. ಬೀಗವನ್ನು ಬೆಳಕಿಗೆ ಹಿಡಿದರು. ಬೆರಳಿಗೆ ಅಂಟಿದ ತುಕ್ಕನ್ನು ನನಗೆ ತೋರಿಸಿದರು.

"ಇದನ್ನೂ ಅಟ್ಟದಿಂದಲೇ ಇಳಿಸಿದೆಯೇನಪ್ಪಾ?"

ಅಷ್ಟರಲ್ಲಿ ನನ್ನ ಮೊಬೈಲ್ ಬಡಿದುಕೊಂಡಿತು. ಹೆಂಡತಿ. "ರೀ, ಗೇಟಿಗೆ ಯಾವುದೋ ಹೊಸ ಬೀಗ ಬಿದ್ದಿದೆ. ನಾನು ಹೊರಗೆ ಹೋಗುವುದು ಹೇಗೆ?"

ಕೈಗಳನ್ನು ಹಿಂದಕ್ಕೆ ಕೇಳಿದೆ. ರಿಜಿಸ್ಟರಿನಲ್ಲಿ ಏರಿದ್ದು ಹೊರಗೆ ಹೋಗುವಂತಿಲ್ಲ ಎಂದರು ಟೀಚರಮ್ಮ. 'ಬೀಗದ ಕೈ – ಮೂರು. ಬೀಗ – ಬರಬೇಕು' ಎಂದು ಬರೆದು, ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು, ಕೈಗಳನ್ನು ಮುಷ್ಟಿಯಲ್ಲಿ ಹಿಡಿದು ಅವರೇ ನನ್ನೊಡನೆ ಹೊರಟರು. ಬೀದಿಯುದ್ದಕ್ಕೂ ಅವರ ಹಿಂದೆ, ಹೋಮ್‌ವರ್ಕ್ ಮಾಡದ ಹುಡುಗನಂತೆ, ತುಕ್ಕು ಹಿಡಿದ ಬೀಗ ಹಿಡಿದು ನಡೆದೆ.

ಹೆಂಡತಿ ಗೇಟಿನೊಳಗೆ ಸರಳು ಹಿಡಿದು ನಿಂತಿದ್ದಳು. ಟೀಚರಮ್ಮ ಬೀಗ ತೆಗೆದು, ಗೇಟಿನ ಕಂಬಕ್ಕೇ ರಿಜಿಸ್ಟರ್ ಒತ್ತಿಹಿಡಿದು, 'ಬಂದಿದೆ' ಎಂದು ತಿದ್ದಿದರು.

"ಟೀಚರಮ್ಮ, ಪುಸ್ತಕ ತೆರೆದಿದ್ದೀರಿ. ಇವರನ್ನೂ ಹಾಗೇ ಬರೆದುಕೊಂಡುಬಿಡಿ" ಎಂದಳು ನನ್ನವಳು.

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹಳೆಯ ಸಾಮಾನು ತೆಗೆದುಕೊಳ್ಳುವುದಿಲ್ಲಮ್ಮ" ಎಂದು ಪುಸ್ತಕ ಮುಚ್ಚಿದರು.