ಸೋತವರ ಭರವಸೆ ಸುಳ್ಳಾಗುವುದಿಲ್ಲ

ವಾದ ಹತ್ತಿದಾಗ ಕೂಗಾಡಬೇಕಿಲ್ಲ, ಕೂತು ಲೆಕ್ಕ ಮಾಡಿದರಾಯಿತು ಎಂದು ಕನಸು ಕಂಡವನು ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್. 1854ರಲ್ಲಿ ಜಾರ್ಜ್ ಬೂಲ್ ಯೋಚನೆಯ ನಿಯಮಗಳನ್ನೇ ಬೀಜಗಣಿತಕ್ಕೆ ಇಳಿಸಿದ. 1879ರಲ್ಲಿ ಫ್ರೀಗೆ ತರ್ಕಕ್ಕೆಂದೇ ಒಂದು ಲಿಪಿ ಕಟ್ಟಿದ. ಪಾಪ, ಮೂವರೂ ಟಿವಿ ಚರ್ಚೆ ನೋಡಿದವರಲ್ಲ.

ಒಂದು ಚುನಾವಣಾ ಭರವಸೆ ತಗೊಳ್ಳಿ. "ನಾನು ಗೆದ್ದರೆ ರಸ್ತೆ ಮಾಡಿಸುತ್ತೇನೆ." ಗೆಲುವಿಗೆ ಗ, ರಸ್ತೆಗೆ ರ. ಬರೆದರೆ ಗ → ರ, ಅಂದರೆ ಗ ನಿಜವಾದರೆ ರ ನಿಜ. ಈಗ ಅಭ್ಯರ್ಥಿ ಸೋತ ಅಂದುಕೊಳ್ಳಿ. ನಿಜ-ಸುಳ್ಳಿನ ಎಲ್ಲ ಜೋಡಣೆಗಳನ್ನೂ ಪಟ್ಟಿ ಮಾಡುವ ಸತ್ಯಕೋಷ್ಟಕದ ಪ್ರಕಾರ ಗ ಸುಳ್ಳಾದರೆ ಇಡೀ ಮಾತು ನಿಜ. ರಸ್ತೆ ಆದರೂ ನಿಜ, ಆಗದಿದ್ದರೂ ನಿಜ. ಕೋಷ್ಟಕದ ನಾಲ್ಕು ಸಾಲಿನಲ್ಲಿ ಈ ಮಾತು ಸುಳ್ಳಾಗುವುದು ಒಂದೇ ಕಡೆ: ಗೆದ್ದೂ ರಸ್ತೆ ಮಾಡಿಸದಿದ್ದಾಗ. ಅಂದರೆ ಸುಳ್ಳುಗಾರ ಅನಿಸಿಕೊಳ್ಳೋಕೂ ಮೊದಲು ಗೆಲ್ಲಬೇಕು. ಸೋತವರೆಲ್ಲ ಹರಿಶ್ಚಂದ್ರರೇ.

ಹಾಗಂತ ಗೆದ್ದವರು ಕೈಕಟ್ಟಿ ಕೂರುತ್ತಾರಾ? ಅವರಿಗೆ ವಕ್ತಾರರಿದ್ದಾರೆ. ಬೆಳಿಗ್ಗೆ "ಕಾಮಗಾರಿ ಮುಗಿದಿದೆ, ಬಂದು ನೋಡಿ" ಎನ್ನುತ್ತಾರೆ. ಸಂಜೆ ಗುಂಡಿಯ ಫೋಟೊ ತೋರಿಸಿದರೆ "ಕಾಮಗಾರಿ ಇನ್ನೂ ಮುಗಿದೇ ಇಲ್ಲವಲ್ಲ" ಎನ್ನುತ್ತಾರೆ. ಮುಗಿದಿದೆ ಎಂಬುದಕ್ಕೆ ಮ ಎಂದರೆ, ಇದು ಮ ∧ ¬ಮ: ಮ ಹೌದು, ಮ ಅಲ್ಲ, ಎರಡೂ ಒಟ್ಟಿಗೆ. ನಾವು ಇದನ್ನು ಎರಡು ನಾಲಿಗೆ ಅಂತೀವಿ. ತರ್ಕಕ್ಕೆ ಇದೇ ಅಕ್ಷಯಪಾತ್ರೆ. ಹೇಗೆ ಅಂತೀರಾ? ಮ ನಿಜ ತಾನೇ? ಹಾಗಾದರೆ "ಮ ಅಥವಾ ಚಂದ್ರನಿಗೂ ಡಾಂಬರು ರಸ್ತೆಯಿದೆ" ಎಂಬುದೂ ನಿಜ; 'ಅಥವಾ'ಗೆ ಒಂದು ಕಡೆ ನಿಜವಾದರೆ ಸಾಕು. ಅವರೇ ಸಂಜೆ ಮ ಸುಳ್ಳು ಎಂದರು. ಉಳಿದದ್ದು ಚಂದ್ರನ ರಸ್ತೆಯೊಂದೇ. ಒಂದು ಹೆಜ್ಜೆಯೂ ತಪ್ಪಿಲ್ಲ, ಬೇಕಾದರೆ ಇನ್ನೊಮ್ಮೆ ನೋಡಿ. ಹೀಗೆ ತನ್ನನ್ನೇ ಅಲ್ಲಗಳೆಯುವ ಮಾತೊಂದು ಸಿಕ್ಕರೆ ಅದರಿಂದ ಏನನ್ನು ಬೇಕಾದರೂ ಸಾಧಿಸಬಹುದು. ಪ್ರಗತಿ ವರದಿ ಬರೆಯುವವರಿಗೆ ಇದು ಎಂದೋ ಗೊತ್ತಿತ್ತು ಅಂತ ನನ್ನ ಗುಮಾನಿ.

ತರ್ಕ ಸುಮ್ನೆ ಎಲ್ಲರನ್ನೂ ಬಿಟ್ಟುಬಿಡುತ್ತದೆ ಅಂತಲ್ಲ. "ನಮ್ಮ ವಿರೋಧಿಯಾದರೆ ಲೆಕ್ಕ ಕೇಳುತ್ತಾನೆ. ನೀನು ಲೆಕ್ಕ ಕೇಳಿದೆ. ಅಲ್ಲಿಗೆ ನೀನು ವಿರೋಧಿ." ವ → ಲ, ಲ, ಆದ್ದರಿಂದ ವ. ಇದು ತಪ್ಪು, ಎಷ್ಟೋ ಕಾಲದಿಂದ ಗೊತ್ತಿರುವ ತಪ್ಪು. ವಿರೋಧಿಯಲ್ಲದವನೂ ಲೆಕ್ಕ ಕೇಳಬಹುದು, ಅಲ್ವಾ? ಆದರೆ ನೀವು ಬಾಣದ ಗುರುತು ಎಳೆಯುವಷ್ಟರಲ್ಲಿ ನಿರೂಪಕರು ಬ್ರೇಕ್ ತಗೊಂಡಿರುತ್ತಾರೆ.

ಇವರೆಲ್ಲರಿಗಿಂತ ಪಳಗಿದ ಕೈ ಎಂದರೆ ಸಚಿವರದು. ಹಗರಣ ಆಗಿದೆಯೋ ಇಲ್ಲವೋ ಎಂದು ಕೇಳಿದರೆ ಅವರು ಗಂಭೀರವಾಗಿ ಹೇಳುತ್ತಾರೆ: "ಒಂದೋ ಆಗಿದೆ, ಇಲ್ಲವೇ ಆಗಿಲ್ಲ." ಹ ∨ ¬ಹ, ಅಂದರೆ ಹ ಅಥವಾ ಹ ಅಲ್ಲ. ಕೋಷ್ಟಕದ ಪ್ರತಿ ಸಾಲಿನಲ್ಲೂ ನಿಜ, ಯಾವ ನ್ಯಾಯಾಲಯದಲ್ಲೂ ಅಲ್ಲಾಡುವುದಿಲ್ಲ. ಎರಡರಲ್ಲಿ ಯಾವುದು ಅಂತ ನೋಡಲು ಸಮಿತಿ ಮಾಡಿದ್ದಾರೆ. ಸಮಿತಿ ಅವಧಿ ವಿಸ್ತರಣೆ ಕೇಳಿದೆ.