ಮುಳ್ಳು ಅಲ್ಲಾಡಿತಲ್ಲ, ಇನ್ನೇನು ಬೇಕು?

ಹಳೆಯ ಬಣ್ಣದ ಪಿಕ್ಚರ್ ಟ್ಯೂಬ್ ಪರೀಕ್ಷಿಸುವ ಯಂತ್ರಕ್ಕೆಂದು ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಒಂದು ಅಡಾಪ್ಟರ್ ಕೊಂಡಿದ್ದೆ, ಟ್ಯೂಬಿನ ಕತ್ತನ್ನು ಯಂತ್ರಕ್ಕೆ ಜೋಡಿಸುವ ಸಾಕೆಟ್ ಅದು. ಅದನ್ನು ಹಾಕಿದಾಗ ಕೆಂಪಿಗೂ ಹಸಿರಿಗೂ ಒಂದೇ ರೀಡಿಂಗ್ ಬಂದದ್ದಕ್ಕೆ ನಾನು ಸಂತೋಷಪಡಬೇಕಂತೆ, ಅಂಗಡಿಯ ಯಜಮಾನರ ಮಾತು. ಎರಡು ಗನ್‌ಗಳೂ (ಪರದೆಯತ್ತ ಎಲೆಕ್ಟ್ರಾನ್ ಹಾರಿಸುವ ಭಾಗಗಳು, ಬಣ್ಣಕ್ಕೊಂದು) ಅವಳಿ ಮಕ್ಕಳ ಹಾಗೆ ಸಮನಾಗಿವೆಯಂತೆ, ಇಷ್ಟು ಹಳೆಯ ಟ್ಯೂಬಿನಲ್ಲಿ ಅಂಥದ್ದು ಸಿಗುವುದೇ ಅಪರೂಪವಂತೆ. ಮಧ್ಯಾಹ್ನದಿಂದ ಈ ಮಾತು ಕಿವಿಯಲ್ಲೇ ಕುಳಿತಿದೆ. ಊಟ ಸೇರಲಿಲ್ಲ. ಯಾರಿಗಾದರೂ ಹೇಳಿಕೊಳ್ಳದೆ ಹೋದರೆ ನಿದ್ದೆಯೂ ಬರುವ ಹಾಗೆ ಕಾಣುತ್ತಿಲ್ಲ.

ಬಿಳಿ ಕಾಣಬೇಕಾದ ಕಡೆಯೆಲ್ಲ ಹಸಿರು ಬೆರೆತ ತಿಳಿನೀಲಿ ಕಾಣುವ ಟ್ಯೂಬಿನಲ್ಲಿ ಕೆಂಪು ಗನ್ ಹಸಿರಿಗೆ ಸಮನಾಗಿರುವುದು ಹೇಗೆ ಸಾಧ್ಯ? ಟ್ಯೂಬಿನ ಕತ್ತಿಗೆ ಕೂರುವ ನೆಕ್ ಬೋರ್ಡಿನಲ್ಲಿ ಕೆಂಪು ಮತ್ತು ಹಸಿರಿನ ಡ್ರೈವ್ ತಂತಿಗಳನ್ನು ಅದಲುಬದಲು ಮಾಡಿಯೂ ನೋಡಿದ್ದೇನೆ. ಆಗಲೂ ಸೊರಗಿದ್ದು ಕೆಂಪೇ. ಎಂದರೆ ದೋಷವಿರುವುದು ಟ್ಯೂಬನ್ನು ನಡೆಸುವ ಸರ್ಕ್ಯೂಟಿನಲ್ಲಲ್ಲ, ಷಾಸಿಯಲ್ಲಲ್ಲ, ಟ್ಯೂಬಿನ ಒಳಗೆ. ಇದನ್ನೆಲ್ಲ ಯಜಮಾನರಿಗೆ ವಿವರಿಸಿದೆ. ಅವರು ಟೀ ಹೀರುತ್ತ ಕೇಳಿಸಿಕೊಂಡರು.

ಅಡಾಪ್ಟರ್ ಎಂದರೆ ಕತ್ತಿನ ಪಿನ್‌ಗಳಿಗೆ ಕೂತರೆ ಆಯಿತು ಎಂದು ತಿಳಿದವರೇ ಈ ವ್ಯಾಪಾರದಲ್ಲಿ ಹೆಚ್ಚು. ಕೂರುವುದು ಬೇರೆ, ಹೊಂದುವುದು ಬೇರೆ. ಒಂದೇ ಅಳತೆಯ ಬೇಸ್ ಇರುವ ಎರಡು ಟ್ಯೂಬುಗಳಲ್ಲಿ ಕಾಯಿಸುವ ಹೀಟರ್, ಎಲೆಕ್ಟ್ರಾನ್ ಹರಿವನ್ನು ಹತೋಟಿಯಲ್ಲಿಡುವ ಗ್ರಿಡ್ ಮತ್ತು ಎಲೆಕ್ಟ್ರಾನ್ ಹೊರಡಿಸುವ ಮೂರು ಕ್ಯಾಥೋಡ್‌ಗಳು ಬೇರೆ ಬೇರೆ ಪಿನ್‌ಗಳಿಗೆ ಬಂದಿರಬಹುದು. ಒಂದೇ ಸಾಲಿನಲ್ಲಿ ಗನ್‌ಗಳಿರುವ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಮೂರಕ್ಕೂ ಸೇರಿ ಒಂದೇ ಗ್ರಿಡ್ ಪಿನ್ ಇದ್ದರೆ, ಅದಕ್ಕೂ ಹಿಂದಿನ, ಗನ್‌ಗಳು ತ್ರಿಕೋನವಾಗಿರುವ ಡೆಲ್ಟಾ ಗನ್ ಟ್ಯೂಬುಗಳಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ಗ್ರಿಡ್ ಇರುತ್ತದೆ. ಬಣ್ಣದ ಟ್ಯೂಬಿನ ಹೀಟರ್ ಸಾಮಾನ್ಯವಾಗಿ 6.3 ವೋಲ್ಟಿನದು, ಚಿಕ್ಕ ಕಪ್ಪು-ಬಿಳುಪು ಟ್ಯೂಬುಗಳಲ್ಲಿ 12 ವೋಲ್ಟಿನದೂ ಇದೆ. ಅಮೆರಿಕದ ಬಿ ಆಂಡ್ ಕೆ ಯಂತ್ರದ ಅಡಾಪ್ಟರ್ ಅದೇ ದೇಶದ ಸೆನ್‌ಕೋರ್ ಯಂತ್ರಕ್ಕೆ ಆಗುವುದಿಲ್ಲ. ಆದ್ದರಿಂದಲೇ ಆ ಕಂಪನಿಗಳು ಟ್ಯೂಬಿನ ಸಂಖ್ಯೆಯ ಎದುರಿಗೆ ಯಾವ ಸಾಕೆಟ್, ಎಷ್ಟು ಹೀಟರ್ ವೋಲ್ಟೇಜ್ ಎಂಬುದನ್ನು ಅಚ್ಚು ಹಾಕಿಸಿದ ಪುಸ್ತಕವನ್ನೇ ಯಂತ್ರದ ಜೊತೆಗೆ ಕೊಡುತ್ತಿದ್ದವು.

ಆ ಪುಸ್ತಕದಲ್ಲಿ ಹುಡುಕುವುದೂ ಒಂದು ತಲೆನೋವು. ಅಮೆರಿಕದವರು ಕಾಣುವ ಪರದೆಯನ್ನು ಇಂಚಿನಲ್ಲಿ ಅಳೆದು 19ವಿಎಲ್‌ಯುಪಿ22 ಎಂದು ಬರೆದರೆ, ಯುರೋಪಿನವರು ಸೆಂಟಿಮೀಟರಿನಲ್ಲಿ ಎ51 ಎಂದು ಶುರುಮಾಡುತ್ತಾರೆ, ಜಪಾನಿನವರು ಮಿಲಿಮೀಟರಿನಲ್ಲಿ 370 ಎಂದೋ 510 ಎಂದೋ ತೊಡಗುತ್ತಾರೆ. ನನ್ನದು 370ರ ಪೈಕಿ, ಹದಿನಾಲ್ಕು ಇಂಚಿನದು. ಅಂಗಡಿಯವರ ಸೂತ್ರ ಇದಕ್ಕಿಂತ ಬಹಳ ಸರಳವಾಗಿತ್ತು: "ಇದು ಯೂನಿವರ್ಸಲ್ ಸಾರ್, ಎಲ್ಲಕ್ಕೂ ಆಗುತ್ತೆ."

ಎಲ್ಲಕ್ಕೂ ಆಗುವ ಆ ವಸ್ತುವಿನ ಒಳಗೆ ಯಾವ ತಂತಿ ಎಲ್ಲಿಗೆ ಹೋಗಿದೆ ಎಂಬ ಒಂದು ಚೀಟಿಯೂ ಇಲ್ಲ. ಬಿಚ್ಚಿ ನೋಡೋಣವೆಂದರೆ ಒಳಗೆಲ್ಲ ಅರಲ್ಡೈಟ್ ಸುರಿದಿದ್ದಾರೆ. ಮನೆಯಲ್ಲಿ, ಎರಡು ತುದಿಗಳ ನಡುವೆ ಸಂಪರ್ಕವಿದ್ದರೆ ಬೀಪ್ ಎನ್ನುವ ಮಲ್ಟಿಮೀಟರ್ ಹಿಡಿದಾಗ, ಕೆಂಪಿನ ತಂತಿಯೂ ಹಸಿರಿನ ತಂತಿಯೂ ಸಾಕೆಟ್ಟಿನ ಒಂದೇ ಪಿನ್ನಿನಲ್ಲಿ ಬೀಪ್ ಎಂದವು. ಅಂದರೆ ಸ್ವಿಚ್ಚನ್ನು ಕೆಂಪಿಗೆ ತಿರುಗಿಸಿದರೂ ಯಂತ್ರ ನೋಡುತ್ತಿರುವುದು ಹಸಿರನ್ನೇ. ಫೋನಿನಲ್ಲಿ ಹೇಳಿದ್ದಕ್ಕೆ "ಟ್ಯೂಬ್ ತಗೊಂಡ್ ಬನ್ನಿ, ನೋಡೋಣ" ಎಂದರು. ಹಳೆಯ ದುಪ್ಪಟಿಯಲ್ಲಿ ಸುತ್ತಿ, ಕತ್ತಿಗೆ ಏಟು ಬೀಳದ ಹಾಗೆ ತೊಡೆಯ ಮೇಲಿಟ್ಟುಕೊಂಡು, ಬಸವನಗುಡಿಯಿಂದ ಎಸ್.ಪಿ. ರಸ್ತೆಯವರೆಗೆ ಪ್ರತಿ ಗುಂಡಿಗೂ ಉಸಿರು ಬಿಗಿಹಿಡಿದು ಆಟೋದಲ್ಲಿ ಹೋದೆ.

ಅಂಗಡಿ ತುಂಬಿತ್ತು. ಪ್ರಾಜೆಕ್ಟಿಗೆಂದು ಆರ್ಡುಯಿನೋ ಬೋರ್ಡು, ಸೆನ್ಸರು, ಜಂಪರ್ ವೈರು ಕೊಳ್ಳಲು ಬಂದಿದ್ದ ಎಂಜಿನಿಯರಿಂಗ್ ಹುಡುಗರು ಕೌಂಟರಿನ ಉದ್ದಕ್ಕೂ ನಿಂತಿದ್ದರು. ಅವರ ನಡುವೆ ಜಾಗ ಮಾಡಿಕೊಂಡು ನಾನು ದುಪ್ಪಟಿ ಬಿಚ್ಚಿದಾಗಲೇ ಒಬ್ಬ ಮೊಬೈಲ್ ಎತ್ತಿ ಫೋಟೋ ತೆಗೆದ. ಯಜಮಾನರು ತಮ್ಮ ಯಂತ್ರ ಹಚ್ಚಿ, ಅಡಾಪ್ಟರನ್ನು ಕತ್ತಿಗೆ ತುರುಕಿದರು. ಕತ್ತಿನ ಒಳಗೆ ಹೀಟರ್ ಕಿತ್ತಳೆ ಬಣ್ಣಕ್ಕೆ ತಿರುಗಿತು. ಸ್ವಿಚ್ ಹಸಿರಿಗೆ: ಮುಳ್ಳು ನಿಧಾನವಾಗಿ ಮೇಲೇರಿ ಒಳ್ಳೆಯದೆಂಬ ಪಟ್ಟಿಯ ಅಂಚಿನಲ್ಲಿ ನಿಂತಿತು. ಸ್ವಿಚ್ ಕೆಂಪಿಗೆ: ಮುಳ್ಳು ಅದೇ ಗೆರೆಯ ಮೇಲೆ, ಕೂದಲೆಳೆಯಷ್ಟೂ ಕದಲದೆ ನಿಂತಿತು. "ನೋಡಿದ್ರಾ? ಮುಳ್ಳು ಅಲ್ಲಾಡ್ತಲ್ಲ, ಇನ್ನೇನು ಬೇಕು?" ಎಂದರು. ಹಳೆಯ ಟ್ಯೂಬಿನಲ್ಲಿ ಎರಡು ಗನ್‌ಗಳು ಇಷ್ಟು ಕರಾರುವಾಕ್ಕಾಗಿ ಒಂದೇ ಆಗಿರುವುದೇ ತಪ್ಪಿನ ಗುರುತು ಎಂದು ನಾನು ಹೇಳತೊಡಗಿದೆ. ಅವರು ನನ್ನನ್ನು ಬಿಟ್ಟು ಹುಡುಗರ ಕಡೆ ತಿರುಗಿ, "ಚೆನ್ನಾಗಿಲ್ಲ ಅಂದ್ರೂ ಜಗಳ, ಚೆನ್ನಾಗಿದೆ ಅಂದ್ರೂ ಜಗಳ" ಎಂದರು. ಎಲ್ಲರೂ ನಕ್ಕರು. ನಾನು ಜೇಬಿನಿಂದ ಮಲ್ಟಿಮೀಟರ್ ತೆಗೆದು ಅಲ್ಲಿಯೇ ಎರಡು ತಂತಿಗಳನ್ನೂ ಒಂದೇ ಪಿನ್ನಿಗೆ ಮುಟ್ಟಿಸಿ ತೋರಿಸಿದೆ. ಬೀಪ್, ಮತ್ತೆ ಬೀಪ್. "ಬೀಪ್ ಬಂತಲ್ಲ ಸಾರ್, ಕನೆಕ್ಷನ್ ಸರಿಯಾಗೇ ಇದೆ!" ಈ ಸಲ ನಗು ರಸ್ತೆಯವರೆಗೂ ಕೇಳಿಸಿರಬೇಕು. ಫೋಟೋ ತೆಗೆದ ಹುಡುಗ ಕನಿಕರದ ದನಿಯಲ್ಲಿ, "ಅಂಕಲ್, ಒಂದು ಎಲ್‌ಸಿಡಿ ಹಾಕ್ಬಿಡಿ" ಎಂದ.

ಈ ಟ್ಯೂಬ್ ಕೂರುವ ಪೆಟ್ಟಿಗೆಯ ಬೋರ್ಡು ಹೊರಡಿಸುವುದು ಸುಮಾರು 15 ಕಿಲೋಹರ್ಟ್ಸಿನ ಸಿಗ್ನಲ್ ಎಂದೂ, 31ರಿಂದ ಮೇಲಿನದನ್ನಷ್ಟೇ ಒಪ್ಪುವ ಮಾನಿಟರುಗಳೇ ಹೆಚ್ಚೆಂದೂ, ಒಪ್ಪಿಸಿದರೂ ಆ ಹೊಳಪು ಬರುವುದಿಲ್ಲವೆಂದೂ ಹೇಳಬೇಕೆಂದಿದ್ದೆ. ಬಾಯಿಂದ ಬಂದದ್ದು "ಥ್ಯಾಂಕ್ಸ್" ಎಂಬ ಒಂದೇ ಮಾತು. ಅವಮಾನ ಮಾಡಿದವನಿಗೆ ಕೃತಜ್ಞತೆ ಹೇಳಿ ಬಂದ ಈ ಮಹಾಶಯನನ್ನು ಬೆಂಗಳೂರಿನ ಸಜ್ಜನಿಕೆಯ ಮಾದರಿಯೆಂದು ಗಾಜಿನ ಪೆಟ್ಟಿಗೆಯಲ್ಲಿಡಬಹುದು. ಹತ್ತಿರದಲ್ಲೇ ನನ್ನ ಟ್ಯೂಬನ್ನೂ ಇಡಲಿ, ಜೋಡಿ ಚೆನ್ನಾಗಿರುತ್ತದೆ.

ಇದು ಬರೀ ದುಡ್ಡಿನ ಮಾತಲ್ಲ. ದುಡ್ಡು ಹೋದರೆ ಹೋಗಲಿ. (ಹೋಗಲಿ ಎಂದೇನೂ ಇಲ್ಲ, ಸಣ್ಣ ಮೊತ್ತವಲ್ಲ ಅದು.) ಸೊರಗಿದ ಗನ್ನಿಗೆ ಮತ್ತೆ ಜೀವ ತುಂಬಲೆಂದು ಯಂತ್ರದಲ್ಲಿರುವ ರಿಜುವಿನೇಟ್ ಗುಂಡಿ ಒತ್ತಿದಾಗ ಆಗುವುದೇನು? ಹೀಟರನ್ನು ಮಾಮೂಲಿಗಿಂತ ಹೆಚ್ಚು ಕಾಯಿಸಿ, ಕ್ಯಾಥೋಡಿಗೆ ಹೋಲಿಸಿದರೆ ಗ್ರಿಡ್ಡನ್ನು ಪಾಸಿಟಿವ್ ಮಾಡಿ, ಬೇರಿಯಂ-ಸ್ಟ್ರಾನ್ಶಿಯಂ ಆಕ್ಸೈಡಿನ ಲೇಪದ ಮೇಲೆ ಕಟ್ಟಿಕೊಂಡ ಕೆಟ್ಟ ಪೊರೆಯನ್ನು ಬಲವಂತವಾಗಿ ಕೀಳುತ್ತಾರೆ. ಪೊರೆಯ ಜೊತೆಗೆ ಒಳ್ಳೆಯ ಲೇಪವೂ ಒಂದಿಷ್ಟು ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ಸಾಯುತ್ತಿರುವ ಗನ್ನಿಗೆ ಅದು ಕೊನೆಯ ಪ್ರಯತ್ನ, ಆರೋಗ್ಯವಾಗಿರುವ ಗನ್ನಿಗೆ ಅನ್ಯಾಯದ ಶಿಕ್ಷೆ. ಈ ಅಡಾಪ್ಟರನ್ನು ನಂಬಿ ಕೆಂಪಿಗೆಂದು ಗುಂಡಿ ಒತ್ತಿದ್ದರೆ ಏಟು ತಿನ್ನುತ್ತಿದ್ದದ್ದು ನನ್ನ ಒಳ್ಳೆಯ ಹಸಿರು. ಯೂನಿವರ್ಸಲ್ ಎಂಬ ಹೆಸರಿನಲ್ಲಿ ಇದನ್ನು ಕೊಂಡ ಎಷ್ಟು ಜನ ಹೀಗೆ ತಮ್ಮ ಕೈಯಾರೆ ಟ್ಯೂಬ್ ಕೊಂದುಕೊಂಡು, "ಹಳೆಯದು, ಆಯುಸ್ಸು ಮುಗಿದಿತ್ತು" ಎಂದು ಸಮಾಧಾನ ಹೇಳಿಕೊಂಡಿದ್ದಾರೋ!

ಸಾಕು, ಇನ್ನು ಈ ಉಸಾಬರಿಯೇ ಬೇಡ. ಜಾಲಹಳ್ಳಿಯ ಬಿಇಎಲ್‌ನಂಥ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬ್ ತಯಾರಾಗುತ್ತಿದ್ದ ಊರಿನಲ್ಲಿ, ಟ್ಯೂಬಿನ ಪಿನ್ ಯಾವುದು ಎಂದು ಕೇಳಿದವನು ಹುಚ್ಚನಾಗುವ ಕಾಲ ಬಂದಿದ್ದರೆ ಯಾರೇನು ಮಾಡಲಾದೀತು. ಅವರಾದರೂ ಏನು ಮಾಡಿಯಾರು, ವರ್ಷಕ್ಕೊಬ್ಬ ಗಿರಾಕಿಗಾಗಿ ಚಾರ್ಟ್ ಹುಡುಕುತ್ತ ಕೂರಲಾಗುತ್ತದೆಯೇ. ಆದರೆ ವರ್ಷಕ್ಕೊಬ್ಬ ಗಿರಾಕಿ ಎಂದು ಗೊತ್ತಿದ್ದೂ ಆ ಒಬ್ಬನಿಗೆ ತಪ್ಪು ಮಾಲು ಕೊಟ್ಟು, ಜನರ ಮುಂದೆ ನಗಿಸಿ ಕಳುಹಿಸುವುದು ಯಾವ ನ್ಯಾಯ? ಸೋಮವಾರ ಹೋಗುತ್ತೇನೆ. ದುಡ್ಡು ವಾಪಸ್ ಕೊಡುವವರೆಗೆ ಕೌಂಟರ್ ಬಿಟ್ಟು ಕದಲುವುದಿಲ್ಲ. ಕೊಡುವುದಿಲ್ಲ ಎಂಬುದೂ ಗೊತ್ತು.

ಯಾರಾದರೂ ಉತ್ತರಿಸಿ. ಬಿ ಆಂಡ್ ಕೆಯ ಒಂದೇ ಮೀಟರಿನ ಯಂತ್ರಕ್ಕೆ, ಸಣ್ಣ ಕತ್ತಿನ 370ರ ಜಪಾನೀ ಟ್ಯೂಬಿಗೆ, ನೀವೇ ತಂತಿ ಹಾಕಿ ಅಡಾಪ್ಟರ್ ಮಾಡಿದ್ದರೆ ಅದರ ನಕ್ಷೆ ಕೊಡಿ, ಕೈಯಲ್ಲಿ ಗೀಚಿದ್ದಾದರೂ ಸರಿ. ನೆಕ್ ಸಾಕೆಟ್ ಮಾತ್ರ ಬಿಡಿಯಾಗಿ ಮಾರುವ ಗುಜರಿ ಅಂಗಡಿ ಗೊತ್ತಿದ್ದರೆ ತಿಳಿಸಿ, ಪ್ರತಿ ಪಿನ್ನಿಗೂ ಪ್ರತ್ಯೇಕ ತಂತಿ ಎಳೆದು ನಾನೇ ಕಟ್ಟಿಕೊಳ್ಳುತ್ತೇನೆ. ಎಲ್‌ಸಿಡಿ ಹಾಕಿ ಎಂದು ಬರೆಯುವವರು ಮಾತ್ರ ದಯವಿಟ್ಟು ಬರೆಯಬೇಡಿ.